ಎರಡು ರಾತ್ರಿ ಎಂದರೆ ಒಂದೇ ಹಗಲು

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ಒಂದು ಇ-ಮೇಲ್ ಬಂದಿತು. ಬರುವ ಮೇ ತಿಂಗಳಲ್ಲಿ ಪತ್ನಿ, ಮಗಳು ಹಾಗೂ ಎಪ್ಪತ್ತು ದಾಟಿದ ತಾಯಿಯನ್ನು ಕರೆದುಕೊಂಡು ಯುರೋಪ್ ಪ್ರವಾಸ ಹೊರಡುವ ಸಿದ್ಧತೆಯಲ್ಲಿದ್ದಾನೆ. "ಸರ್, ತಾವು ಎರಡು ಸಲ ಹೋಗಿ ಬಂದಿದ್ದೀರಿ. ಈ ಪಟ್ಟಿಯನ್ನು ನೋಡಿ, ತಪ್ಪಿದ್ದರೆ ತಿದ್ದಿಕೊಡಿ" ಎಂದು ಬರೆದಿದ್ದ. ಪಟ್ಟಿಯಲ್ಲಿದ್ದುದು ಹನ್ನೆರಡು ರಾತ್ರಿ, ಏಳು ಊರು. ಆಮ್‌ಸ್ಟರ್‌ಡ್ಯಾಮ್, ಪ್ಯಾರಿಸ್, ಇಂಟರ್‌ಲಾಕೆನ್, ಫ್ಲಾರೆನ್ಸ್, ರೋಮ್ ನಗರಗಳಿಗೆ ಎರಡೆರಡು ರಾತ್ರಿ. ನಡುವೆ ಮಿಲಾನ್, ವೆನಿಸ್‌ಗಳಿಗೆ ಒಂದೊಂದು. ಮೂರು ದಶಕ ಉತ್ತರಪತ್ರಿಕೆ ತಿದ್ದಿದ ಕೈ ಇದು. ಕೆಂಪು ಶಾಯಿಗೆ ತಡಕಾಡಿದ್ದು ಸುಳ್ಳಲ್ಲ. ಅವನಿಗೆ ಬರೆದ ಉತ್ತರ ಉದ್ದವಾಯಿತು. ಇನ್ನಷ್ಟು ಜನರಿಗೆ ಉಪಯೋಗವಾದೀತೆಂದು ಅದನ್ನೇ ಇಲ್ಲಿ ವಿಸ್ತರಿಸಿದ್ದೇನೆ.

ಮೊದಲು ಲೆಕ್ಕ. ಶಾಲೆಯಲ್ಲಿ ವೇಳಾಪಟ್ಟಿ ತಯಾರಿಸುವ ಕೆಲಸ ಹಲವು ವರ್ಷ ನನ್ನ ಪಾಲಿಗೆ ಬಿದ್ದಿತ್ತು. ನಲವತ್ತು ನಿಮಿಷದ ಪೀರಿಯಡ್ ಎಂದು ಹಾಳೆಯಲ್ಲಿ ಬರೆದರೂ ಪಾಠಕ್ಕೆ ದೊರೆಯುವುದು ಮೂವತ್ತೇ ನಿಮಿಷ ಎಂಬುದು ಪ್ರತಿಯೊಬ್ಬ ಶಿಕ್ಷಕನಿಗೂ ತಿಳಿದ ಸಂಗತಿ. ಮಕ್ಕಳು ಆಟದ ಮೈದಾನದಿಂದ ಬರಬೇಕು, ಕೂರಬೇಕು, ಪುಸ್ತಕ ತೆಗೆಯಬೇಕು. ಪ್ರವಾಸದಲ್ಲೂ ಹೀಗೆಯೇ. ಎರಡು ರಾತ್ರಿ ತಂಗುವ ಊರಿಗೆ ಮೊದಲ ದಿನ ಮಧ್ಯಾಹ್ನ ಕಳೆದು ತಲುಪುತ್ತೇವೆ, ಮೂರನೆಯ ದಿನ ಬೆಳಿಗ್ಗೆ ಪೆಟ್ಟಿಗೆ ಕಟ್ಟುತ್ತೇವೆ. ನಮ್ಮ ಕೈಗೆ ಪೂರ್ತಿಯಾಗಿ ಸಿಗುವುದು ನಡುವಿನ ಒಂದೇ ಹಗಲು. ಒಂದೇ ರಾತ್ರಿ ತಂಗಿದರೆ ಅದೂ ಇಲ್ಲ. ಆದುದರಿಂದ ರಾತ್ರಿಗಳ ಸಂಖ್ಯೆಯಿಂದ ಊರುಗಳ ಸಂಖ್ಯೆಯನ್ನು ಕಳೆದರೆ ಉಳಿಯುವುದೇ ಪೂರ್ತಿ ಹಗಲುಗಳು. ಹನ್ನೆರಡರಲ್ಲಿ ಏಳು ಕಳೆದರೆ ಐದು. ಅದೇ ಹನ್ನೆರಡು ರಾತ್ರಿಗಳನ್ನು ಮೂರು ಊರುಗಳಲ್ಲಿ ಕಳೆದರೆ ಒಂಬತ್ತು. ವಿಮಾನದ ಟಿಕೆಟ್ಟಿಗೂ ವೀಸಾಕ್ಕೂ ತೆತ್ತ ಹಣ ಎರಡರಲ್ಲೂ ಒಂದೇ.

ಅವನ ಪಟ್ಟಿಯನ್ನು ಕಂಡು ನಕ್ಕೆನೆಂದು ಭಾವಿಸಬಾರದು. ಇಷ್ಟು ದುಡ್ಡು ಸುರಿದು ಹೋಗುವಾಗ, ಮತ್ತೆ ಹೋಗುವ ಯೋಗವಿದೆಯೋ ಇಲ್ಲವೋ ತಿಳಿಯದಿರುವಾಗ, ಎಲ್ಲವನ್ನೂ ಒಮ್ಮೆಗೇ ನೋಡಿಬಿಡೋಣ ಎನ್ನಿಸುವುದು ಸಹಜ. 2013ರಲ್ಲಿ ನಾವು ಗುಂಪು ಪ್ರವಾಸದಲ್ಲಿ ಹೊರಟಾಗ ನನ್ನ ಲೆಕ್ಕವೂ ಅದೇ ಆಗಿತ್ತು. ಸಂಸ್ಥೆಯ ಕರಪತ್ರದಲ್ಲಿ ಊರುಗಳ ಹೆಸರುಗಳನ್ನು ಬೆರಳಿಟ್ಟು ಎಣಿಸಿ, ಹೆಚ್ಚು ಹೆಸರುಗಳಿದ್ದುದನ್ನೇ ಆರಿಸಿಕೊಂಡಿದ್ದೆ. ಊಟದ ಚಿಂತೆಯಿರಲಿಲ್ಲ, ಪೆಟ್ಟಿಗೆ ಹೊರುವ ಕಷ್ಟವಿರಲಿಲ್ಲ. ಆ ಉಪಕಾರವನ್ನು ಮರೆಯಲಾರೆ. ಆದರೆ ಫ್ಲಾರೆನ್ಸಿಗೆ ದೊರೆತದ್ದು ಮೂರು ಗಂಟೆ.

ನಾನು ಸಮಾಜ ವಿಜ್ಞಾನದ ಮೇಷ್ಟ್ರು. ಯುರೋಪಿನ ಪುನರುಜ್ಜೀವನವನ್ನು ವರ್ಷಕ್ಕೊಮ್ಮೆ ಪಾಠ ಮಾಡುತ್ತಿದ್ದೆ. ಮೈಕೆಲೆಂಜೆಲೊ 1501ರಿಂದ 1504ರ ಅವಧಿಯಲ್ಲಿ ಒಂದೇ ಅಮೃತಶಿಲೆಯಲ್ಲಿ ಕೆತ್ತಿದ ಐದು ಮೀಟರಿಗೂ ಮಿಕ್ಕಿದ ಡೇವಿಡ್ ವಿಗ್ರಹದ ವಿಷಯ ಬಂದಾಗ ಧ್ವನಿ ತಾನಾಗಿಯೇ ಏರುತ್ತಿತ್ತು. ಅಂದು ಸಿಗ್ನೋರಿಯ ಚೌಕದಲ್ಲಿ, ಹಳೆಯ ಅರಮನೆಯ ಬಾಗಿಲ ಬಳಿ, ಅದರ ಮುಂದೆ ನಿಂತು ಕಣ್ತುಂಬ ನೋಡಿದೆ. ಪತ್ನಿಯಿಂದ ಫೋಟೋ ತೆಗೆಸಿಕೊಂಡೆ. ಊರಿಗೆ ಮರಳಿ, ನಾನು ಕೆಲಸ ಮಾಡಿದ್ದ ಶಾಲೆಗೆ ಹೋಗಿ ಹತ್ತನೆಯ ತರಗತಿಯ ಮಕ್ಕಳಿಗೆ ಆ ಫೋಟೋ ತೋರಿಸಿ ಅರ್ಧ ಗಂಟೆ ಮಾತನಾಡಿದೆ. ಕೆಲವು ತಿಂಗಳುಗಳ ನಂತರ ಒಂದು ಪುಸ್ತಕದಿಂದ ತಿಳಿಯಿತು: ಮೂಲ ವಿಗ್ರಹವನ್ನು 1873ರಲ್ಲೇ ಅಕಾಡೆಮಿಯಾ ಸಂಗ್ರಹಾಲಯಕ್ಕೆ ಸಾಗಿಸಿದ್ದರು. ಚೌಕದಲ್ಲಿರುವುದು 1910ರಲ್ಲಿ ನಿಲ್ಲಿಸಿದ ನಕಲು. ನಾವು ಹೋದದ್ದು ಸೋಮವಾರ. ಅಕಾಡೆಮಿಯಾಕ್ಕೂ ಉಫಿಜಿ ಸಂಗ್ರಹಾಲಯಕ್ಕೂ ಸೋಮವಾರವೇ ವಾರದ ರಜೆ. ಹತ್ತು ನಿಮಿಷ ನಡೆದರೆ ತಲುಪುವಷ್ಟು ದೂರದಲ್ಲಿ ಅಸಲು ವಿಗ್ರಹ ಬೀಗದೊಳಗಿತ್ತು. ಆ ಮಕ್ಕಳಿಗೆ ನಾನು ಹೇಳಿದ್ದು ತಪ್ಪೆಂದು ತಿಳಿಸುವ ಅವಕಾಶ ಬರಲಿಲ್ಲ. ಅವರು ಆಗಲೇ ಶಾಲೆ ಬಿಟ್ಟಿದ್ದರು.

ಪತ್ನಿಯ ದುಃಖ ಬೇರೆಯದು. 3,454 ಮೀಟರ್ ಎತ್ತರದ ಯುಂಗ್‌ಫ್ರೌಯೋಕ್‌ಗೆ 1912ರಿಂದ ರೈಲು ಹೋಗುತ್ತದೆ. ನಮ್ಮನ್ನು ಕೊಂಡೊಯ್ದ ದಿನ ಅಲ್ಲಿ ಕಂಡದ್ದು ಬಿಳಿಯ ಮಂಜು ಮಾತ್ರ, ಹಾಲಿನಲ್ಲಿ ಅದ್ದಿದಂತೆ. ಮರುದಿನ ಬೆಳಿಗ್ಗೆ ಬಸ್ಸು ಹೊರಡುವ ವೇಳೆಗೆ ಆಕಾಶ ತಿಳಿಯಾಗಿ, ಶಿಖರಗಳೆಲ್ಲ ಹಿಂದಿನ ಕಿಟಕಿಯಲ್ಲಿ ಹೊಳೆಯುತ್ತಿದ್ದವು. ಕತ್ತು ತಿರುಗಿಸಿ ನೋಡುತ್ತಲೇ ಇದ್ದಳು.

ಹೀಗಾಗಿ 2023ರ ಮೇ ತಿಂಗಳಲ್ಲಿ ನಾವಿಬ್ಬರೇ ಹೊರಟಾಗ ಹದಿನಾಲ್ಕು ರಾತ್ರಿಗಳಿಗೆ ನಾಲ್ಕೇ ಊರು ಇಟ್ಟುಕೊಂಡೆವು: ರೋಮ್ 5, ಫ್ಲಾರೆನ್ಸ್ 4, ವೆನಿಸ್ 2, ಇಂಟರ್‌ಲಾಕೆನ್ 3. ರೋಮಿನಲ್ಲಿ ಇಳಿದು ಜೂರಿಕ್‌ನಿಂದ ವಿಮಾನ ಹತ್ತಿದ್ದರಿಂದ, ಹೊರಟ ಊರಿಗೇ ಹಿಂದಿರುಗುವ ಒಂದು ದಿನವೂ ಉಳಿಯಿತು.

ರೋಮಿಗೆ ಐದು ಕೊಟ್ಟದ್ದಕ್ಕೆ ಕಾರಣವಿದೆ. ಬೇಸಿಗೆಯಲ್ಲಿ ಇಟಲಿಯ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಲ್ಲಿ ರಾತ್ರಿ ಎಂಟಾದಾಗ ನಮ್ಮ ದೇಹಕ್ಕೆ ಹನ್ನೊಂದೂವರೆ. ಮೊದಲ ಊರಿನ ಮೊದಲ ದಿನವನ್ನು ನಿದ್ದೆಗೆ ದಾನ ಮಾಡಿದೆನೆಂದೇ ತಿಳಿಯಬೇಕು. ವ್ಯಾಟಿಕನ್ ಸಂಗ್ರಹಾಲಯಕ್ಕೆ ಒಂದು ಇಡೀ ಬೆಳಗು ಬೇಕು, ಕೊಲೊಸಿಯಂ ಮತ್ತು ಅದರ ಪಕ್ಕದ ಪುರಾತನ ಅವಶೇಷಗಳಿಗೆ ಇನ್ನೊಂದು. ಆದರೂ ಐದರಲ್ಲಿ ಒಂದು ಹೆಚ್ಚಾಯಿತೆಂಬುದು ಪತ್ನಿಯ ಅಭಿಪ್ರಾಯ. ಅವಳ ಮೊಣಕಾಲಿಗೂ ಅಲ್ಲಿನ ಕಲ್ಲುಹಾಸಿಗೂ ಹೊಂದಾಣಿಕೆಯಾಗಲಿಲ್ಲ.

ಫ್ಲಾರೆನ್ಸಿಗೆ ನಾಲ್ಕು ರಾತ್ರಿಯೇ, ಸಣ್ಣ ಊರಲ್ಲವೇ ಎಂದು ಅನೇಕರು ಕೇಳಿದರು. ಹೌದು, ಸಣ್ಣದೇ. ಆದರೆ ಅಲ್ಲಿಂದ ರೈಲಿನಲ್ಲಿ ಪೀಸಾಕ್ಕೆ ಒಂದು ಗಂಟೆ. ಬೆಳಿಗ್ಗೆ ಬರಿಗೈಯಲ್ಲಿ ಹೋಗಿ ಸಂಜೆಗೆ ಮರಳಬಹುದು, ಗಂಟುಮೂಟೆ ಅಲುಗಿಸಬೇಕಿಲ್ಲ. ನಾಲ್ಕು ದಿನ ಒಂದೇ ಮನೆಯಲ್ಲಿದ್ದರೆ ಅಡುಗೆಮನೆಯಿರುವ ವಸತಿ ಹಿಡಿಯಬಹುದು. ಅಕ್ಕಿ, ಮೊಸರು ತಂದು, ಒಯ್ದ ಸಾರಿನ ಪುಡಿಯಿಂದ ಸಾರು ಮಾಡಿ ಉಣ್ಣಬಹುದು. (ತುಪ್ಪ ಮಾತ್ರ ಒಯ್ಯಬೇಡಿ, ಹೊರದೇಶದ ಹಾಲಿನ ಪದಾರ್ಥಗಳನ್ನು ಅಲ್ಲಿ ಒಳಗೆ ಬಿಡುವುದಿಲ್ಲ.) ಎರಡು ರಾತ್ರಿಗಾಗಿ ಯಾರೂ ಗೊಜ್ಜಿನ ಬಾಟಲಿಯ ಮುಚ್ಚಳ ತೆಗೆಯುವುದಿಲ್ಲ. ವಯಸ್ಸಾದವರನ್ನು ಕರೆದೊಯ್ಯುವವರು ಸಂಗ್ರಹಾಲಯಗಳಿಗಿಂತ ಮೊದಲು ಇದನ್ನು ಯೋಚಿಸಬೇಕು.

ಅಕಾಡೆಮಿಯಾಕ್ಕೆ ಮಂಗಳವಾರ ಹೋದೆ. ಡೇವಿಡ್ ನಿಂತಿರುವ ಕಡೆಗೆ ಸಾಗುವ ಅಂಕಣದ ಇಕ್ಕೆಲಗಳಲ್ಲಿ ಮೈಕೆಲೆಂಜೆಲೊ ಅರ್ಧಕ್ಕೇ ಬಿಟ್ಟ ಸೆರೆಯಾಳುಗಳ ವಿಗ್ರಹಗಳಿವೆ. ದೇಹ ಹೊರಬಂದಿದೆ, ತಲೆ ಇನ್ನೂ ಬಂಡೆಯೊಳಗಿದೆ. ಇವುಗಳ ವಿಷಯ ನಾನೆಂದೂ ಪಾಠ ಮಾಡಿರಲಿಲ್ಲ. ಡೇವಿಡನಿಗಿಂತ ಹೆಚ್ಚು ಹೊತ್ತು ಇವುಗಳ ಮುಂದೆ ನಿಂತೆ. ಗುರುವಾರ ಮತ್ತೆ ಟಿಕೆಟ್ ಕೊಂಡು ಹೋದೆ. "ಅದನ್ನೇ ನೋಡೋದಕ್ಕೆ ಇನ್ನೊಂದು ಸಲ ದುಡ್ಡು ಕೊಡಬೇಕೇನ್ರೀ?" ಎಂದಳು ಪತ್ನಿ; ಅವಳು ಹೊರಗೆ ಕಟ್ಟೆಯ ಮೇಲೆ ಕುಳಿತಳು.

ವೆನಿಸ್‌ಗೆ ಎರಡು ಸಾಕು, ಆದರೆ ಕಾಲುವೆಗಳ ನಡುವಿನ ಹಳೆಯ ಊರಿನಲ್ಲೇ ತಂಗಬೇಕು. ಹಗಲಿನ ಜಾತ್ರೆ ಸಂಜೆಗೆ ಕರಗುತ್ತದೆ. ಆಮೇಲೆ ಉಳಿಯುವುದೇ ಊರು. ಆ ನಗರಾಡಳಿತವೇ 2024ರಿಂದ ನಿಗದಿತ ದಿನಗಳಲ್ಲಿ, ಹಗಲು ಮಾತ್ರ ಬಂದು ಹೋಗುವವರಿಂದ ಪ್ರವೇಶ ಶುಲ್ಕ ವಸೂಲು ಮಾಡತೊಡಗಿತು. ರಾತ್ರಿ ತಂಗುವವರಿಗೆ ವಿನಾಯಿತಿ. ಹದಿನೈದನೆಯ ಶತಮಾನದಲ್ಲಿ ವಿಜಯನಗರವನ್ನು ಕಂಡು ವರದಿ ಕೊಟ್ಟ ನಿಕೊಲೊ ಕೊಂಟಿ ವೆನಿಸಿನ ವರ್ತಕ. ಪೂರ್ವದೇಶಗಳಲ್ಲಿ ಅವನು ಕಾಲು ಶತಮಾನ ಸುತ್ತಿದ. ಅವನ ಊರನ್ನು 2013ರಲ್ಲಿ ನಮಗೆ ಐದು ಗಂಟೆಯಲ್ಲಿ ತೋರಿಸಿ ಮುಗಿಸಿದ್ದರು!

ಬೆಟ್ಟಗಳ ಲೆಕ್ಕ ಬೇರೆ. ಅಲ್ಲಿ ನೋಡುವುದು ಹೆಚ್ಚಿದೆಯೆಂದಲ್ಲ, ಮೋಡಕ್ಕಾಗಿ ದಿನಗಳನ್ನು ಮೀಸಲಿಡಬೇಕು. ಶಿಖರದ ನೇರ ಚಿತ್ರವನ್ನು ಅಂತರ್ಜಾಲದಲ್ಲಿ ನೋಡಿ, ತಿಳಿಯಾಗಿದ್ದರೆ ಮಾತ್ರ ಟಿಕೆಟ್ ಕೊಳ್ಳಬಹುದು. ಮೊದಲ ಹಗಲು ಮಳೆ. ಎರಡನೆಯ ಹಗಲು ಬೆಳಿಗ್ಗೆ ಆರಕ್ಕೇ ಪತ್ನಿ ನನ್ನನ್ನು ಅಲುಗಾಡಿಸಿ ಎಬ್ಬಿಸಿದಳು. ಅಂದು ಮೇಲೆ ಅವಳು ಫೋಟೋ ತೆಗೆಯಲು ಬಿಡಲಿಲ್ಲ. ಸುಮ್ಮನೆ ನಿಲ್ಲಿ ಎಂದಳು.

ವಿದ್ಯಾರ್ಥಿಗೆ ಇಷ್ಟನ್ನೂ ಬರೆದು, ಕೊನೆಗೆ ವೀಸಾದ ನಿಯಮವನ್ನೂ ಸೇರಿಸಿದೆ. ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕಬೇಕಾದದ್ದು ಹೆಚ್ಚು ದಿನ ತಂಗುವ ದೇಶಕ್ಕೆ. ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಆದುದರಿಂದ ರಾತ್ರಿಗಳ ಹಂಚಿಕೆಯನ್ನು ಅರ್ಜಿಗೆ ಮೊದಲೇ ನಿಶ್ಚಯಿಸಿಕೊಳ್ಳಬೇಕು.

ನಿನ್ನೆ ಅವನ ಉತ್ತರ ಬಂದಿತು. "ಅಮ್ಮನನ್ನೇ ಕೇಳಿದೆ ಸರ್. ಐಫೆಲ್ ಗೋಪುರ ನೋಡಬೇಕು, ಹಿಮ ಮುಟ್ಟಬೇಕು, ಬೇರೇನೂ ಬೇಡ ಎಂದರು" ಎಂದು ಬರೆದು ಹೊಸ ಪಟ್ಟಿ ಕಳುಹಿಸಿದ್ದಾನೆ: ಪ್ಯಾರಿಸ್ 5, ಇಂಟರ್‌ಲಾಕೆನ್ 4, ರೋಮ್ 3. ಲೂವ್ರ್ ಮಂಗಳವಾರ ಮುಚ್ಚಿರುತ್ತದೆಂದು ಮರುಟಪಾಲಿನಲ್ಲಿ ತಿಳಿಸಿದೆ. ಫ್ಲಾರೆನ್ಸ್ ಪಟ್ಟಿಯಲ್ಲಿರಲಿಲ್ಲ, ಅದರ ವಿಷಯ ನಾನೂ ಎತ್ತಲಿಲ್ಲ.