ಸೂರ್ಯ ಕೊಟ್ಟ ಕೆಲಸ

ಮೇಘನಾ ನದಿಮುಖದಲ್ಲಿರುವ ಸಂದ್ವೀಪ್‌ನಂಥ ಬಾಂಗ್ಲಾದೇಶದ ದ್ವೀಪಗಳಿಗೆ ವಿದ್ಯುತ್ ಒಯ್ಯುವುದು ಸುಲಭವಲ್ಲ. ಸೂರಿನ ಮೇಲೊಂದು ಸೌರಫಲಕ, ಒಳಗೊಂದು ಬ್ಯಾಟರಿ, ನಾಲ್ಕು ದೀಪ: ಇದೇ ಅಲ್ಲಿ ಉಪಾಯವಾಯಿತು. 2003ರಲ್ಲಿ ಆರಂಭವಾದ ಸಾಲ ಯೋಜನೆಯಿಂದ ದೇಶದ 40 ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಇಂಥ ಬೆಳಕು ಬಂತು. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ತುಂಬಲು, ಚಾರ್ಜ್ ಕಂಟ್ರೋಲರ್ ರಿಪೇರಿ ಮಾಡಲು, ಕಂತು ವಸೂಲಿಗೆ ಜನ ಬೇಕಾದರು. ಗ್ರಾಮೀಣ್ ಶಕ್ತಿ ಸಂಸ್ಥೆ ಹೆಣ್ಣುಮಕ್ಕಳಿಗೂ ಬೆಸುಗೆ ಕಲಿಸಿತು. (ಒಲೆಯ ಹೊಗೆ ಕಂಡವರಿಗೆ ಸೋಲ್ಡರಿಂಗ್ ಹೊಗೆ ಯಾವ ಲೆಕ್ಕ!)

ಆದರೆ 2018ರಲ್ಲಿ ಸಮುದ್ರದಡಿಯ ಕೇಬಲ್ ಸಂದ್ವೀಪ್ ತಲುಪಿತು. ಫಲಕ ಜೋಡಿಸುವುದಷ್ಟೇ ಗೊತ್ತಿದ್ದರೆ ಅದು ಹೊಟ್ಟೆಗೆ ಪೆಟ್ಟು. ವೈರಿಂಗ್, ಮೋಟಾರು ಬಲ್ಲವರಿಗೆ ಹೊಸ ಗಿರಾಕಿ. ಮಕ್ಕಳನ್ನು ಸೋಲಾರ್ ಕೋರ್ಸಿಗೆ ಸೇರಿಸುವ ಮುನ್ನ ಪಾಲಕರು ಪಾಠಪಟ್ಟಿಯಲ್ಲಿ ಇವೂ ಇವೆಯೇ ಎಂದು ವಿಚಾರಿಸಲಿ.