ಸಾವಿರ ಗೇಟಿನ ಬೀಗ

ಕಾರು, ಗ್ಯಾರೇಜುಗಳ ರಿಮೋಟ್‌ಗಳಲ್ಲಿ ವರ್ಷಗಟ್ಟಲೆ ಬಳಕೆಯಲ್ಲಿದ್ದ ಎನ್‌ಕ್ರಿಪ್ಷನ್ ಕೀಲಾಕ್. ತೀರಾ ಸಣ್ಣದು, ತೀರಾ ಅಗ್ಗದ್ದು. 2008ರಲ್ಲಿ ಜರ್ಮನಿಯ ಬೋಕುಮ್‌ನ ಸಂಶೋಧಕರು ಚಿಪ್ ಎಳೆಯುವ ಕರೆಂಟಿನ ಏರಿಳಿತವನ್ನು ಅಳೆದೇ ಅದರ ರಹಸ್ಯ ಕೀಲಿಯನ್ನು ಹೊರತೆಗೆದರು.

ಇಷ್ಟಾದರೂ, ಹಗುರ ಎನ್‌ಕ್ರಿಪ್ಷನ್ ವಿಧಾನಗಳನ್ನು ಹೋಲಿಸುವ ಪಟ್ಟಿಗಳಲ್ಲಿ ಎದ್ದು ಕಾಣುವುದು ಚಿಪ್‌ನೊಳಗಿನ ಲಾಜಿಕ್ ಗೇಟುಗಳ ಸಂಖ್ಯೆಯೇ. ಕಡಿಮೆ ಗೇಟು ಎಂದರೆ ಚಿಪ್‌ನಲ್ಲಿ ಕಡಿಮೆ ಜಾಗ, ಕಡಿಮೆ ಖರ್ಚು. ಲೆಕ್ಕ ಸರಿಯೇ, ಆದರೆ ಅರ್ಧ.

2007ರಲ್ಲಿ ಬಂದ ‘ಪ್ರೆಸೆಂಟ್’ ಅನ್ನೇ ನೋಡಿ. 64 ಬಿಟ್ ಮಾಹಿತಿಯನ್ನು ಅದು 31 ಸುತ್ತು ಕಲಸುತ್ತದೆ. ಪ್ರತಿ ಸುತ್ತಿನಲ್ಲೂ ನಾಲ್ಕು ನಾಲ್ಕು ಬಿಟ್‌ಗಳ ಜಾಗದಲ್ಲಿ ಬೇರೆ ನಾಲ್ಕನ್ನು ಇಡುವ ಎಸ್-ಬಾಕ್ಸ್ 16 ಸಲ ಬೇಕು. ಹದಿನಾರನ್ನೂ ಚಿಪ್‌ನಲ್ಲಿ ಹಾಸಿದರೆ ಸುಮಾರು 1570 ಗೇಟು, 32 ಕ್ಲಾಕ್‌ಗೆ ಕೆಲಸ ಮುಗಿಯಿತು. ಒಂದನ್ನೇ ಇಟ್ಟು ಹದಿನಾರು ಸಲ ದುಡಿಸಿದರೆ ಗೇಟು ಸಾವಿರದ ಆಸುಪಾಸಿಗೆ ಇಳಿಯುತ್ತದೆ, ಕ್ಲಾಕ್ 500 ದಾಟುತ್ತದೆ. 100 ಕಿಲೋಹರ್ಟ್ಸ್ ವೇಗದಲ್ಲಿ ಮೊದಲನೆಯದಕ್ಕೆ ಮಿಲಿಸೆಕೆಂಡಿನ ಮೂರನೇ ಒಂದು ಭಾಗ ಸಾಕು, ಎರಡನೆಯದಕ್ಕೆ ಐದು ಮಿಲಿಸೆಕೆಂಡಿಗೂ ಹೆಚ್ಚು. ರೀಡರ್ ಹೊಮ್ಮಿಸುವ ಅಲೆಯಿಂದಲೇ ಶಕ್ತಿ ಹೀರುವ ಆರ್‌ಎಫ್‌ಐಡಿ ಚೀಟಿಗೆ ಆ ಕ್ಷಣದ ಎಳೆತ ಕಡಿಮೆಯಿದ್ದರೆ ಸಾಕು. ಅದಕ್ಕೆ ಎರಡನೆಯದೇ ಸರಿ. ಬ್ಯಾಟರಿ ಮೇಲೆ ವರ್ಷಗಟ್ಟಲೆ ಬದುಕಬೇಕಾದ ಸೆನ್ಸರ್‌ಗೆ ಮಾತ್ರ ಅದೇ ದುಬಾರಿ: ಇಷ್ಟು ಹೊತ್ತು ಎಚ್ಚರವಿದ್ದರೆ ಒಟ್ಟು ಶಕ್ತಿ ಹೆಚ್ಚೇ ಖರ್ಚಾಗುತ್ತದೆ. (ಒಂದೇ ವಿನ್ಯಾಸವನ್ನು ಬೇರೆ ಬೇರೆ ಕಾರ್ಖಾನೆಗಳ ಸೆಲ್ ಲೈಬ್ರರಿಯಲ್ಲಿ ಕೂರಿಸಿದರೂ ಗೇಟುಗಳ ಸಂಖ್ಯೆ ಬದಲಾಗುತ್ತದೆ. ಪಟ್ಟಿ ಮಾಡುವವರಿಗೆ ಇದು ಗೊತ್ತಿಲ್ಲದ್ದೇನಲ್ಲ.)

ಕರೆಂಟ್ ಅಳೆಯುವ ಕಳ್ಳನನ್ನು ತಡೆಯುವ ಮಾಸ್ಕಿಂಗ್‌ನ ಖರ್ಚು ಇನ್ನೊಂದು. 2011ರಲ್ಲಿ ಎಲ್ಲೆಡೆ ಬಳಕೆಯಲ್ಲಿರುವ ಎನ್‌ಕ್ರಿಪ್ಷನ್ ಮಾನಕ ಎಇಎಸ್ ಅನ್ನು 2400 ಗೇಟಿಗೆ ಇಳಿಸಿದ ತಂಡವೇ, ರಕ್ಷಣೆ ಸೇರಿಸಿದಾಗ ಅದು 11 ಸಾವಿರ ದಾಟಿತೆಂದು ತೋರಿಸಿತು. ಇಂಥ ಹೊದಿಕೆ ಕೆಲವು ವಿಧಾನಗಳಿಗೆ ಅಗ್ಗ, ಕೆಲವಕ್ಕೆ ದುಬಾರಿ. ಹೊದಿಸಿದ ಮೇಲೆ ಪಟ್ಟಿಯ ಕ್ರಮವೇ ಉಲ್ಟಾ ಆಗಬಹುದು.

ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ಹಗುರ ಎನ್‌ಕ್ರಿಪ್ಷನ್‌ಗಾಗಿ ನಡೆಸಿದ ಆಯ್ಕೆ ಈ ದೃಷ್ಟಿಯಿಂದ ಮೆಚ್ಚುವಂಥದ್ದು. ಸಲ್ಲಿಕೆಯಾದ 57ರಲ್ಲಿ 2021ಕ್ಕೆ ಹತ್ತು ಉಳಿದವು. ಅವುಗಳಲ್ಲಿ ಗಿಫ್ಟ್-ಕಾಫ್ಬ್ ಮತ್ತು ಫೋಟಾನ್-ಬೀಟಲ್ ರೂಪಿಸಿದವರಲ್ಲಿ ಕೋಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆಯ ಮೃದುಲ್ ನಂದಿಯೂ ಇದ್ದರು. ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ತಂಡ ಹಾರ್ಡ್‌ವೇರ್ ವಿನ್ಯಾಸಗಳಿಗೆಲ್ಲ ಒಂದೇ ಬಗೆಯ ಇಂಟರ್‌ಫೇಸ್ ಗೊತ್ತುಮಾಡಿ, ಒಂದೇ ಎಫ್‌ಪಿಜಿಎಗಳಲ್ಲಿ (ಬೇಕಾದಂತೆ ಮರುಜೋಡಿಸಬಹುದಾದ ಚಿಪ್‌ಗಳಲ್ಲಿ) ಕೂರಿಸಿ ಅಳೆಯಿತು. 2023ರ ಫೆಬ್ರವರಿಯಲ್ಲಿ ಆಯ್ಕೆಯಾದದ್ದು ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿ ಹುಟ್ಟಿದ ಆಸ್ಕನ್. ಅತಿ ಸಣ್ಣದೆಂಬ ಬಿರುದಿಗೆ ಅದು ಕಟ್ಟುಬಿದ್ದದ್ದಲ್ಲ; ಅದರ ಎಸ್-ಬಾಕ್ಸ್ ಎಷ್ಟು ಸರಳವೆಂದರೆ ಮಾಸ್ಕಿಂಗ್ ಅಗ್ಗದಲ್ಲೇ ಆಗುತ್ತದೆ.

ನಮ್ಮ ಮನೆಗಳಿಗೆ ಬರುತ್ತಿರುವ ಸ್ಮಾರ್ಟ್ ಮೀಟರ್‌ಗಳಿಗೆ ಗೇಟು, ಶಕ್ತಿಯ ಚಿಂತೆ ಅಷ್ಟಿಲ್ಲ. ಲೈನಿಗೆ ಸಿಕ್ಕಿಸಿದ ಮೀಟರ್‌ಗೆ ಕರೆಂಟಿನ ಬಡತನವೇ? ಅಲ್ಲಿ ಎಇಎಸ್ ಸಾಕು. ಹೊಲದ ನಡುವೆ ನೆಟ್ಟ ತೇವಾಂಶ ಸೆನ್ಸರ್ ಹಾಗಲ್ಲ: ಬ್ಯಾಟರಿ ಮೇಲೆ ಬದುಕಬೇಕು, ಮೇಲಾಗಿ ರಾತ್ರೋರಾತ್ರಿ ಯಾರು ಬೇಕಾದರೂ ಕಿತ್ತೊಯ್ದು ಅದರ ಕರೆಂಟ್ ಅಳೆಯಬಹುದು. ಅಂಥದ್ದನ್ನು ಸಾವಿರಗಟ್ಟಲೆ ಕೊಳ್ಳುವ ಇಲಾಖೆಗಳು ಟೆಂಡರ್‌ನಲ್ಲಿ ‘ಹಗುರ ಎನ್‌ಕ್ರಿಪ್ಷನ್ ಇರತಕ್ಕದ್ದು’ ಎಂದು ಒಂದು ಸಾಲು ಬರೆದು ಕೈ ತೊಳೆದುಕೊಳ್ಳಬಾರದು. ಮಾಸ್ಕಿಂಗ್ ಸೇರಿಸಿದ ಮೇಲೆ ಗೇಟೆಷ್ಟು, ಒಂದು ಸಂದೇಶಕ್ಕೆ ಖರ್ಚಾಗುವ ಮೈಕ್ರೋಜೂಲ್ ಎಷ್ಟು, ಅಳೆದದ್ದು ಯಾವ ಚಿಪ್ ಮೇಲೆ ಎಂಬುದನ್ನು ಮಾರುವವರಿಂದ ಬರೆಸಿಕೊಳ್ಳಬೇಕು.