ಮಳೆ ಲೆಕ್ಕದ ಹಾಳೆ

ರಾತ್ರಿ ಎಂಟೂವರೆ. ಅಪ್ಪ ಕೆಲಸದಿಂದ ಬಂದು ಅಂಗಿಯ ಕಿಸೆಯಿಂದ ಮೊಬೈಲು ತೆಗೆದಿಟ್ಟದ್ದೇ ತಡ, ಎಂಟನೇ ತರಗತಿಯ ಮಗಳು ಅದನ್ನೆತ್ತಿಕೊಂಡು ಸಿಗ್ನಲ್ ಸಿಗುವ ಜಗಲಿಯ ಮೂಲೆಗೆ ಓಡುತ್ತಾಳೆ. ತರಗತಿಯ ವಾಟ್ಸ್ಆ್ಯಪ್ ಗುಂಪಿಗೆ ಟೀಚರ್ ನೋಟ್ಸಿನ ಫೋಟೊ ಹಾಕಿದ್ದಾರೆ. ಬೆರಳಿಂದ ಹಿಗ್ಗಿಸಿ, ಪಕ್ಕಕ್ಕೆ ಸರಿಸಿ, ಸಾಲು ಸಾಲಾಗಿ ಪುಸ್ತಕಕ್ಕೆ ಇಳಿಸುತ್ತಾಳೆ. ಮುಗಿದ ಮೇಲೆ ಗುಂಪಿನಲ್ಲಿ ಒಂದು ಹೆಬ್ಬೆರಳಿನ ಚಿತ್ರ ಒತ್ತಿ ಮೊಬೈಲನ್ನು ಅಪ್ಪನಿಗೆ ಮರಳಿಸುತ್ತಾಳೆ. ಬೆಳ್ತಂಗಡಿ ತಾಲ್ಲೂಕಿನ ನಮ್ಮ ಅಳದಂಗಡಿ ಪೇಟೆಯಿಂದ ಒಳಗೆ, ಸುಲ್ಕೇರಿ, ಶಿರ್ಲಾಲು ಕಡೆಯ ಎಷ್ಟೋ ಮನೆಗಳಲ್ಲಿ ಇದು ದಿನದ ಕ್ರಮ.

ಇದಕ್ಕೆ ನಾವು ಆನ್‌ಲೈನ್ ಕಲಿಕೆ ಎಂದು ಹೆಸರಿಟ್ಟಿದ್ದೇವೆ. ಕರಿಹಲಗೆ ಗೋಡೆಯಿಂದಿಳಿದು ಮೊಬೈಲಿನೊಳಗೆ ಕೂತಿತು, ಅಷ್ಟೇ. ಬರೆಯುವವರು ಈಗಲೂ ಒಬ್ಬರು, ಇಳಿಸಿಕೊಳ್ಳುವವರು ನಲವತ್ತು ಮಂದಿ. ಗದ್ದೆಯಲ್ಲಿ ನೇಜಿ ನೆಡುವಾಗ ಒಬ್ಬಾಕೆ ಪಾಡ್ದನ ಎತ್ತಿಕೊಟ್ಟರೆ ಉಳಿದವರು ಅದನ್ನು ಹಿಡಿದು ಮುಂದೆ ಸಾಗಿಸುತ್ತಿದ್ದರು. ಯಾರಿಗಾದರೂ ಬೇರೊಂದು ಸೊಲ್ಲು ನೆನಪಾದರೆ ಅದೂ ಸೇರಿಕೊಳ್ಳುತ್ತಿತ್ತು. ಹಂಚಿಕೊಳ್ಳುವುದೆಂದರೆ ನನ್ನ ಮನಸ್ಸಿಗೆ ಬರುವುದು ಆ ಚಿತ್ರ.

1995ರ ಮಾರ್ಚ್‌ನಲ್ಲಿ ಅಮೆರಿಕದ ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬ ಪ್ರೋಗ್ರಾಮರ್, ಓದುವವರೇ ತಿದ್ದಬಹುದಾದ ಪುಟಗಳನ್ನು ಅಂತರ್ಜಾಲಕ್ಕೆ ತಂದರು. ಹೊನೊಲುಲು ವಿಮಾನ ನಿಲ್ದಾಣದಲ್ಲಿ ಓಡುತ್ತಿದ್ದ ಬಸ್ಸಿನ ಹೆಸರನ್ನೇ ಅದಕ್ಕಿಟ್ಟರು: ವಿಕಿ ವಿಕಿ. ಹವಾಯಿ ಭಾಷೆಯಲ್ಲಿ ಹಾಗೆಂದರೆ ‘ಬೇಗ ಬೇಗ’. ಹವಾಯಿಯವರೂ ನಮ್ಮ ಹಾಗೆಯೇ ಅವಸರವನ್ನು ಎರಡು ಸಲ ಹೇಳುವವರು! 2001ರಲ್ಲಿ ವಿಕಿಪೀಡಿಯ ಬಂತು, 2003ರಲ್ಲಿ ಕನ್ನಡದ್ದು. ತುಳುವಿನದು ಇನ್‌ಕ್ಯುಬೇಟರ್ ಎಂಬ ಪರೀಕ್ಷಾ ಜಾಗದಲ್ಲಿ 2008ರಿಂದ ಎಂಟು ವರ್ಷ ಕಾದು, 2016ರ ಆಗಸ್ಟ್‌ನಲ್ಲಿ ಸ್ವಂತ ಮನೆಗೆ ಬಂತು. ಈ ಕೆಲಸಕ್ಕೆ ಕೈಜೋಡಿಸಿದವರಲ್ಲಿ ಮೂಡುಬಿದಿರೆಯ ಆಳ್ವಾಸ್, ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜುಗಳ ವಿದ್ಯಾರ್ಥಿಗಳೂ ಇದ್ದರು. ಪರೀಕ್ಷೆ ಮುಗಿದ ಮೇಲೆ ರದ್ದಿಗೆ ಹೋಗುವ ಪ್ರಾಜೆಕ್ಟಿನ ಬದಲು, ಯಾರೋ ಎಲ್ಲೋ ಓದುವ ಪುಟವೊಂದನ್ನು ಆ ಮಕ್ಕಳು ಬರೆದರು. ಮೂಡುಬಿದಿರೆಯಲ್ಲಿ ಆದದ್ದು ನಮ್ಮ ಊರಿನ ಪ್ರೌಢಶಾಲೆಯಲ್ಲಿ ಆಗಬಾರದೇಕೆ?

ವಿಕಿಪೀಡಿಯದಲ್ಲಿ ಬರೆಯುವುದು ಸುಲಭವಲ್ಲ, ಅದೇ ಅದರ ಹೆಚ್ಚುಗಾರಿಕೆ. ವೇಣೂರಿನ ಬಾಹುಬಲಿಯನ್ನು 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ ಎಂದು ನಮ್ಮ ಹುಡುಗನೊಬ್ಬ ಬರೆದನೆನ್ನಿ. ಅಜಿಲರ ಅರಮನೆ ಇರುವ ಊರಿನವನು, ಅವನಿಗೆ ಅದು ಮನೆಮಾತು. ಆದರೆ ಪುಟ ಕೇಳುತ್ತದೆ: ಯಾರು ಹೇಳಿದ್ದು, ಯಾವ ಶಾಸನ, ಯಾವ ಪುಸ್ತಕ? ಉತ್ತರ ಹುಡುಕಲು ಅವನು ಗ್ರಂಥಾಲಯಕ್ಕೆ ಹೋಗಬೇಕು, ಮಾಷ್ಟ್ರನ್ನು ಕೇಳಬೇಕು. ಇನ್ನೊಬ್ಬಳು ಬಂದು ಅವನ ವಾಕ್ಯ ತಿದ್ದುತ್ತಾಳೆ. ಅವನಿಗೆ ಸಿಟ್ಟು ಬರುತ್ತದೆ. ಚರ್ಚೆಯ ಪುಟದಲ್ಲಿ ಕಾರಣ ಬರೆಯಬೇಕು, ಬೈಯುವಂತಿಲ್ಲ. ಪುಟದ ‘ಇತಿಹಾಸ’ ತೆರೆದರೆ ಯಾವ ಸಾಲು ಯಾರದು, ಯಾವ ದಿನದ್ದು ಎಂದು ಕಾಣುತ್ತದೆ. ಒಬ್ಬಳು ಬರೆದು ಐದು ಮಂದಿ ಹೆಸರು ಹಾಕಿಸಿಕೊಳ್ಳುವ ಗುಂಪು ಪ್ರಾಜೆಕ್ಟಿನ ಹಳೆಯ ಅನ್ಯಾಯ ಅಲ್ಲಿ ಅಡಗಿ ಕೂರಲಾರದು.

ವಿದ್ಯಾರ್ಥಿಗಳಿಂದ ವಿಕಿ ಬರೆಸುವ ಕೆಲಸ ಕೈಕೊಟ್ಟ ಕಥೆಯನ್ನೂ ಹೇಳಬೇಕು. 2011ರಲ್ಲಿ ಪುಣೆಯ ಕಾಲೇಜುಗಳಲ್ಲಿ ಇಂಗ್ಲಿಷ್ ವಿಕಿಪೀಡಿಯಕ್ಕಾಗಿ ದೊಡ್ಡ ಪ್ರಮಾಣದಲ್ಲಿ ಇದೇ ಪ್ರಯೋಗ ನಡೆಯಿತು. ಪುಸ್ತಕಗಳಿಂದ, ಜಾಲತಾಣಗಳಿಂದ ನಕಲು ಮಾಡಿದ ಬರಹ ಹೊಳೆಯಾಗಿ ಹರಿದು, ಅಳಿಸುವ ಸ್ವಯಂಸೇವಕರಿಗೆ ಸಾಕುಸಾಕಾಗಿ, ವರ್ಷ ಮುಗಿಯುವ ಮೊದಲೇ ನಿಲ್ಲಿಸಬೇಕಾಯಿತು. ತಪ್ಪನ್ನು ಮಕ್ಕಳ ತಲೆಗೆ ಕಟ್ಟಲು ನನಗೆ ಮನಸ್ಸಿಲ್ಲ. ನೋಡಿ ಬರೆಯುವುದೇ ಕಲಿಕೆ ಎಂದು ಒಂದನೇ ತರಗತಿಯಿಂದ ಹೇಳಿಕೊಟ್ಟವರು ನಾವು.

ಮೂಡುಬಿದಿರೆಯ ಇನ್ನೊಂದು ಕಥೆ ಇಲ್ಲಿ ನೆನಪಾಗುತ್ತದೆ. ಅಲ್ಲಿನ ಸಿದ್ಧಾಂತ ಬಸದಿಯಲ್ಲಿದ್ದ, ಜೈನರ ಧವಲಾ ಗ್ರಂಥದ ತಾಳೆಗರಿಗಳು ಶತಮಾನಗಳ ಕಾಲ ಭಕ್ತರಿಗೆ ದರ್ಶನದ ವಸ್ತುವಾಗಿದ್ದವು. ಹಳಗನ್ನಡ ಲಿಪಿಯಿಂದ ಪ್ರತಿ ಎತ್ತುವುದಕ್ಕೇ ವರ್ಷಗಟ್ಟಲೆ ಹಿಡಿಯಿತು. ಮೊದಲ ಸಂಪುಟ ಅಚ್ಚಾಗಿ ಬಂದದ್ದು 1939ರಲ್ಲಿ. ಕಾಪಾಡಿದವರ ಋಣ ದೊಡ್ಡದು. ಆದರೆ ವಿದ್ವಾಂಸರು ಅದನ್ನು ಓದಿ, ಪಾಠ ಹೋಲಿಸಿ, ವಾದಿಸಲು ತೊಡಗಿದ್ದು ಆಮೇಲೆ. ತರಗತಿಯ ಗುಂಪಿಗೆ ಬಂದು ಬೀಳುವ, ಮಕ್ಕಳು ತಿದ್ದಲಾಗದ ಪಿಡಿಎಫ್‌ಗಳನ್ನು ಕಂಡಾಗ ನನಗೆ ಆ ದರ್ಶನದ ಕಾಲವೇ ಕಣ್ಣಮುಂದೆ ಬರುತ್ತದೆ.

ಶಿಕ್ಷಕರಿಗೆ ಹಂಚಿಕೊಂಡು ಗೊತ್ತಿಲ್ಲ ಎಂದಲ್ಲ. ಕರ್ನಾಟಕದ ಸರ್ಕಾರಿ ಪ್ರೌಢಶಾಲಾ ಶಿಕ್ಷಕರು ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣವೊಂದನ್ನು ವಿಕಿಯ ಮಾದರಿಯಲ್ಲೇ ಕಟ್ಟಿದ್ದಾರೆ. ಗಣಿತ, ವಿಜ್ಞಾನ, ಸಮಾಜದ ಪಾಠಗಳು ಕನ್ನಡದಲ್ಲೂ ಇವೆ, ಯಾರು ಬೇಕಾದರೂ ಬಳಸಿ ಬದಲಿಸಬಹುದು. ಶಿಕ್ಷಕರಿಗೆ ಸಿಕ್ಕ ಈ ಹಕ್ಕು ಮಕ್ಕಳ ಕೈಗೆ ಬಂದಿಲ್ಲ ಎಂಬುದೇ ನನ್ನ ತಕರಾರು.

ಹಾಗಾದರೆ ಎಲ್ಲ ಮಕ್ಕಳಿಗೂ ಮೊಬೈಲು ಬೇಕೇ? ಬೇಡ. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಬಳ್ಳಕದಲ್ಲಿ, ಸುರಿವ ಮಳೆಯಲ್ಲಿ ರಸ್ತೆ ಬದಿ ಕೂತು ಪಾಠ ಕೇಳುವ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಫೋಟೊ ನಾವೆಲ್ಲ ನೋಡಿದ್ದೇವೆ. ಒಬ್ಬೊಬ್ಬರಿಗೆ ಒಂದೊಂದು ಸಾಧನ ಎಂದು ಹೊರಟರೆ ಇಂಥ ಮನೆಗಳ ಮೇಲೆ ಮತ್ತೆ ಹೊರೆ. ಶಾಲೆಯ ಒಂದು ಲ್ಯಾಪ್‌ಟಾಪು, ಒಂದು ಸಂಪರ್ಕ ಸಾಕು. ಬರೆಯುವುದು ಮೊದಲು ಪುಸ್ತಕದಲ್ಲಿ, ಜಗಳ ತರಗತಿಯಲ್ಲಿ, ಪರದೆಗೆ ಹೋಗುವುದು ಕೊನೆಗೆ. ಮಕ್ಕಳ ಹೆಸರು, ಮುಖ, ಮನೆ ವಿಳಾಸ ಅಲ್ಲಿಗೆ ಹೋಗಲೇಬಾರದು. 2023ರ ದತ್ತಾಂಶ ಸಂರಕ್ಷಣೆ ಕಾಯ್ದೆ 18 ತುಂಬದವರ ಮಾಹಿತಿಗೆ ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ. ಕಾಯ್ದೆ ಇಲ್ಲದಿದ್ದರೂ ಅದು ನಮ್ಮ ಕರ್ತವ್ಯ.

ನನಗೊಂದು ಆಸೆಯಿದೆ. ನಮ್ಮ ಸೀಮೆಯ ಅಡಿಕೆ ಕೃಷಿಕರಲ್ಲಿ ದಶಕಗಳಿಂದ ಮಳೆ ಅಳೆದು ಡೈರಿಯಲ್ಲಿ ಬರೆದಿಟ್ಟವರಿದ್ದಾರೆ. ಕೊಳೆರೋಗಕ್ಕೆ ಮದ್ದು ಬಿಡುವ ದಿನ ಮಳೆಯ ಲೆಕ್ಕದ ಮೇಲೆಯೇ ನಿಲ್ಲುವುದರಿಂದ ಅವರಿಗೆ ಅದು ಹವ್ಯಾಸವಲ್ಲ. ಈ ಜೂನ್‌ನಲ್ಲಿ ಅಳದಂಗಡಿ, ನಾರಾವಿ, ವೇಣೂರು, ಶಿರ್ಲಾಲಿನ ಶಾಲೆಗಳ ಅಂಗಳದಲ್ಲಿ ಒಂದೊಂದು ಮಳೆಮಾಪಕ ಇರಲಿ. ನೇರ ಗೋಡೆಯ ಒಂದು ಪಾತ್ರೆ, ಒಂದು ಸ್ಕೇಲು ಸಾಕು. ಹವಾಮಾನ ಇಲಾಖೆಯವರ ಹಾಗೆ ಬೆಳಗ್ಗೆ ಎಂಟೂವರೆಗೆ ಅಳೆಯಲಿ. ನಾಲ್ಕೂ ಶಾಲೆಗಳು ಒಂದೇ ಗೂಗಲ್ ಶೀಟ್‌ನಲ್ಲಿ ತುಂಬಲಿ. ಸರಾಸರಿ, ಗ್ರಾಫು, ಘಟ್ಟದ ಬುಡಕ್ಕೆ ಮಳೆ ಹೆಚ್ಚೇಕೆ ಎಂಬ ಭೂಗೋಳ, ಎಲ್ಲ ಆ ಹಾಳೆಯಿಂದಲೇ ಹುಟ್ಟುತ್ತವೆ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ, ದಿಡುಪೆ ಕಡೆ ಗುಡ್ಡ ಜರಿದು ಹೊಳೆ ತೋಟಕ್ಕೆ ನುಗ್ಗಿದ್ದನ್ನು ಈ ಮಕ್ಕಳ ಮನೆಯವರು ಇನ್ನೂ ಮಾತಾಡುತ್ತಾರೆ. ಯಾರದಾದರೂ ಅಜ್ಜನ ಡೈರಿಯಲ್ಲಿ ಆ ವಾರದ ಪುಟವಿದ್ದರೆ ಅದೂ ಹಾಳೆಗೆ ಸೇರಲಿ.

ಆಟಿಯ ಒಂದು ಬೆಳಗ್ಗೆ ನಾರಾವಿಯ ಕಾಲಂನಲ್ಲಿ 90 ಮಿಲಿಮೀಟರ್, ನಮ್ಮದರಲ್ಲಿ 9 ಎಂದು ಇದ್ದರೆ ಅಳದಂಗಡಿಯ ಯಾರೋ ಒಬ್ಬ ಹುಡುಗಿ ತಡೆದು ಕೇಳಬೇಕು: ಅಲ್ಲಿ ಅಷ್ಟು ಮಳೆಯೋ, ನಾವು ಸೊನ್ನೆ ಬಿಟ್ಟೆವೋ, ಇಲ್ಲಾ ರಾತ್ರಿ ಯಾರಾದರೂ ಪಾತ್ರೆ ಚೆಲ್ಲಿದರೋ? ಆ ಪ್ರಶ್ನೆಯನ್ನು ಅವಳೇ ಹಾಳೆಯ ಬದಿಯಲ್ಲಿ ಬರೆಯಲಿ. ಉತ್ತರ ನಾರಾವಿಯ ಮಕ್ಕಳಿಂದ ಬರಲಿ, ಟೀಚರ್ ಸ್ವಲ್ಪ ಹೊತ್ತು ಸುಮ್ಮನಿರಲಿ.